ಸುಮ್ಮನೆ ಕೂತರೂ ಖಾಲಿಯಾಗುವ ಬ್ಯಾಟರಿ

ಮೊದಲ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವ ಹುಡುಗಿಯೊಬ್ಬಳು ಕೇಳಿರುವ ಪ್ರಶ್ನೆ ಇದು. ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಎರಡು ತಿಂಗಳು ಅಜ್ಜಿಯ ಊರಿಗೆ ಹೋಗಿದ್ದರಂತೆ. ಕಾರು ಮನೆಯ ಶೆಡ್ಡಿನಲ್ಲೇ ಇತ್ತು. ಬ್ಯಾಟರಿ ಹಾಕಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಹಿಂದಿರುಗಿ ಬಂದು ಕೀಲಿ ತಿರುಗಿಸಿದರೆ 'ಟಿಕ್' ಎಂಬ ಸದ್ದು ಬಿಟ್ಟರೆ ಮತ್ತೇನೂ ಇಲ್ಲ. "ಒಳಗಿನ ದೀಪ ಆರಿಸದೆ ಬಂದಿದ್ದೀಯ" ಎಂದು ಅಪ್ಪ ಅಣ್ಣನಿಗೆ ಚೆನ್ನಾಗಿ ಬೈದರು. "ನಾನು ಆರಿಸಿದ್ದೆ" ಎಂದು ಅಣ್ಣ ಈಗಲೂ ಆಣೆ ಮಾಡುತ್ತಿದ್ದಾನೆ. "ಯಾರೂ ಮುಟ್ಟದ ಬ್ಯಾಟರಿಯಲ್ಲಿದ್ದ ಕರೆಂಟು ಎಲ್ಲಿಗೆ ಹೋಯಿತು ಸಾರ್?" ಎಂಬುದು ಅವಳ ಪ್ರಶ್ನೆ.

ನಿಜ ಹೇಳಬೇಕೆಂದರೆ ಅದರಲ್ಲಿ ಕರೆಂಟು ಇರಲೇ ಇಲ್ಲ. ತೊಟ್ಟಿಯಲ್ಲಿ ನೀರು ತುಂಬಿಡುವ ಹಾಗೆ ಬ್ಯಾಟರಿಯಲ್ಲಿ ವಿದ್ಯುತ್ತನ್ನು ತುಂಬಿಟ್ಟಿರುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲಿರುವುದು ಪರಸ್ಪರ ವರ್ತಿಸಲು ಸಿದ್ಧವಾಗಿ ಕೂತಿರುವ ಪದಾರ್ಥಗಳು, ಅಷ್ಟೆ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯ ತತ್ವವೇ ಇವತ್ತಿಗೂ ನಮ್ಮ ಕಾರು, ಬಸ್ಸು, ಇನ್ವರ್ಟರುಗಳಲ್ಲಿ ನಡೆದುಕೊಂಡು ಬಂದಿದೆ. ಒಂದು ಫಲಕದಲ್ಲಿ ಸೀಸ, ಇನ್ನೊಂದರಲ್ಲಿ ಸೀಸದ ಡೈಆಕ್ಸೈಡು, ನಡುವೆ ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲ. ಇದು ಒಂದು ಕೋಶ. ಇದರಿಂದ ಸಿಗುವುದು ಸುಮಾರು 2 ವೋಲ್ಟ್. ಅಂಥ ಆರು ಕೋಶಗಳನ್ನು ಸಾಲಾಗಿ ಜೋಡಿಸಿದರೆ ನಮ್ಮ 12 ವೋಲ್ಟಿನ ಬ್ಯಾಟರಿ.

ದೀಪ ಹಾಕಿದಾಗ ಅಥವಾ ಸೆಲ್ಫ್ ಹೊಡೆದಾಗ ಎರಡೂ ಫಲಕಗಳು ಆಮ್ಲದಲ್ಲಿರುವ ಸಲ್ಫೇಟನ್ನು ಎಳೆದುಕೊಂಡು ಸೀಸದ ಸಲ್ಫೇಟ್ ಆಗುತ್ತಾ ಹೋಗುತ್ತವೆ. ಆಮ್ಲ ತೆಳುವಾಗುತ್ತದೆ, ನೀರಿನಂಶ ಹೆಚ್ಚುತ್ತದೆ. ಚಾರ್ಜ್ ಮಾಡಿದರೆ ಇದೇ ಕ್ರಿಯೆ ಹಿಮ್ಮುಖವಾಗಿ ನಡೆದು ಸಲ್ಫೇಟು ಮತ್ತೆ ಆಮ್ಲಕ್ಕೆ ಮರಳುತ್ತದೆ. ಗ್ಯಾರೇಜಿನವರು ರಬ್ಬರ್ ಬುಡ್ಡೆಯ ಹೈಡ್ರೋಮೀಟರಿನಿಂದ ಆಮ್ಲ ಹೀರಿ ನೋಡುವುದು ಇದೇ ಕಾರಣಕ್ಕೆ. ಪೂರ್ತಿ ಚಾರ್ಜಾದ ಬ್ಯಾಟರಿಯಲ್ಲಿ ಆಮ್ಲದ ಸಾಪೇಕ್ಷ ಸಾಂದ್ರತೆ 1.25ರ ಆಸುಪಾಸು ಇರುತ್ತದೆ. ಖಾಲಿಯಾಗುತ್ತಾ ಬಂದಂತೆ 1.12ರವರೆಗೂ ಇಳಿಯುತ್ತದೆ.

ಈಗ ಪ್ರಶ್ನೆಗೆ ಬರೋಣ. ಯಾರೂ ಮುಟ್ಟದಿದ್ದರೂ ಬ್ಯಾಟರಿ ಖಾಲಿಯಾಗಲು ಎರಡು ದಾರಿಗಳಿವೆ. ಒಂದು ಬ್ಯಾಟರಿಯ ಒಳಗೆ, ಇನ್ನೊಂದು ಹೊರಗೆ.

ಒಳಗಿನದನ್ನು ನೀವು ಪಾಠದಲ್ಲಿ ಓದಿದ್ದೀರಿ. ವೋಲ್ಟಾನ ಸರಳ ಕೋಶದಲ್ಲಿ ಸತುವಿನ ಫಲಕದಲ್ಲಿರುವ ಕಶ್ಮಲಗಳಿಂದ 'ಸ್ಥಳೀಯ ಕ್ರಿಯೆ' ನಡೆದು, ತಂತಿ ಜೋಡಿಸದಿದ್ದರೂ ಸತು ಸವೆಯುತ್ತದೆ, ಅದನ್ನು ತಪ್ಪಿಸಲು ಪಾದರಸ ಸವರುತ್ತಾರೆ ಎಂದು ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆಯುತ್ತೀರಲ್ಲ, ಅದೇ ಇದು. ಸೀಸ ಮೆತ್ತನೆಯ ಲೋಹ. ಫಲಕದ ಚೌಕಟ್ಟು ಗಟ್ಟಿಯಾಗಿ ನಿಲ್ಲಲಿ ಎಂದು ಅದಕ್ಕೆ ಸ್ವಲ್ಪ ಆಂಟಿಮನಿ ಬೆರೆಸುವ ಪದ್ಧತಿ ಇದೆ. ಆ ಆಂಟಿಮನಿಯೇ ಒಳಗೆ ಸಣ್ಣ ಸಣ್ಣ ಕೋಶಗಳನ್ನು ಹುಟ್ಟಿಸಿ ಬ್ಯಾಟರಿಯನ್ನು ಸದ್ದಿಲ್ಲದೆ ತಿನ್ನುತ್ತದೆ. ಆಂಟಿಮನಿಯ ಬದಲು ಕ್ಯಾಲ್ಸಿಯಂ ಬೆರೆಸಿದ ಬ್ಯಾಟರಿಗಳಲ್ಲಿ ಈ ನಷ್ಟ ಕಡಿಮೆ. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತಿಂಗಳಿಗೆ ನೂರಕ್ಕೆ ಮೂರರಿಂದ ಐದರಷ್ಟು. ಆದರೆ ಉಷ್ಣತೆ ಹತ್ತು ಡಿಗ್ರಿ ಏರಿದರೆ ಈ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳಿನಲ್ಲಿ ತಗಡಿನ ಶೆಡ್ಡಿನೊಳಗೆ ನಿಂತ ಕಾರಿನ ಬ್ಯಾಟರಿ ಎಂಥ ಸ್ಥಿತಿಯಲ್ಲಿರುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಹೊರಗಿನ ಸೋರಿಕೆ ಇದಕ್ಕಿಂತ ದೊಡ್ಡದು. ಈಗಿನ ಕಾರು ಕೀಲಿ ತೆಗೆದ ಮೇಲೂ ಪೂರ್ತಿ ಮಲಗುವುದಿಲ್ಲ. ಗಡಿಯಾರ, ರೇಡಿಯೋದ ನೆನಪು, ರಿಮೋಟಿನ ಸಂಕೇತಕ್ಕೆ ಕಿವಿಗೊಟ್ಟು ಕೂತಿರುವ ಬಾಗಿಲಿನ ಬೀಗ, ಎಂಜಿನ್ನಿನ ಕಂಪ್ಯೂಟರು, ಇವೆಲ್ಲ ಒಂದೊಂದು ಚೂರು ವಿದ್ಯುತ್ ಪ್ರವಾಹ ಎಳೆಯುತ್ತಲೇ ಇರುತ್ತವೆ. ಎಲ್ಲ ಸೇರಿ 30 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ. ಏನು ಮಹಾ ಎನಿಸುತ್ತದೆ. ಆದರೆ 0.03 ಆಂಪಿಯರನ್ನು 24 ಗಂಟೆಯಿಂದ ಗುಣಿಸಿದರೆ ದಿನಕ್ಕೆ 0.72 ಆಂಪಿಯರ್-ಗಂಟೆ, ಅರವತ್ತು ದಿನಕ್ಕೆ 43. ಚಿಕ್ಕ ಕಾರಿನ ಬ್ಯಾಟರಿಯ ಸಾಮರ್ಥ್ಯವೇ 35 ಆಂಪಿಯರ್-ಗಂಟೆ! ಅಂದರೆ ಅಜ್ಜಿಯ ಮನೆಯಲ್ಲಿ ಹಲಸಿನ ಹಣ್ಣು ತಿನ್ನುತ್ತಿದ್ದ ಹೊತ್ತಿಗೇ ಕಾರು ಸ್ಟಾರ್ಟ್ ಆಗದ ಸ್ಥಿತಿಗೆ ಬಂದಿತ್ತು.

ಹಾಗಾದರೆ ಅಣ್ಣನ ಗತಿ? ಒಳಗಿನ ದೀಪ 5 ವಾಟ್ ಎಂದರೆ ಸುಮಾರು 0.4 ಆಂಪಿಯರ್. ಅದು ಉರಿಯುತ್ತಿದ್ದರೆ ನಾಲ್ಕನೇ ದಿನಕ್ಕೇ ಬ್ಯಾಟರಿ ಖಾಲಿ. ಉರಿಯದಿದ್ದರೆ ಎರಡು ತಿಂಗಳೊಳಗೆ ಖಾಲಿ. ಬಂದು ನೋಡಿದಾಗ ಎರಡರಲ್ಲೂ ಕಾಣುವುದು ಒಂದೇ ದೃಶ್ಯ. ಆದ್ದರಿಂದ ಬ್ಯಾಟರಿ ಸತ್ತಿತ್ತು ಎಂಬುದು ಅಣ್ಣನ ವಿರುದ್ಧ ಸಾಕ್ಷ್ಯವಾಗಲಾರದು. ಈ ಲೆಕ್ಕವನ್ನು ಅಪ್ಪನವರಿಗೆ ತೋರಿಸಬಹುದು. ತೀರ್ಪು ಅವರಿಗೆ ಬಿಟ್ಟದ್ದು.

ಖಾಲಿಯಾದರೆ ಮತ್ತೆ ಚಾರ್ಜ್ ಮಾಡಿದರಾಯಿತು, ಅದಕ್ಕೇಕೆ ಇಷ್ಟು ಗಾಬರಿ ಎಂದು ಕೇಳಬಹುದು. ಒಂದೆರಡು ದಿನವಾದರೆ ಹೌದು. ತಿಂಗಳುಗಟ್ಟಲೆ ಖಾಲಿಯಾಗಿಯೇ ಬಿಟ್ಟರೆ ವಿಷಯ ಬೇರೆ. ಈಗಷ್ಟೆ ಹುಟ್ಟಿದ ಸೀಸದ ಸಲ್ಫೇಟು ಹಿಟ್ಟಿನಂತೆ ನುಣುಪಾದ ಹರಳುಗಳಾಗಿರುತ್ತದೆ, ಚಾರ್ಜ್ ಮಾಡಿದೊಡನೆ ಕರಗುತ್ತದೆ. ಸಕ್ಕರೆ ಪಾಕದಲ್ಲಿ ದಾರ ಇಳಿಬಿಟ್ಟು ವಾರಗಟ್ಟಲೆ ಅಲುಗಾಡಿಸದೆ ಇಟ್ಟರೆ ಕಲ್ಲುಸಕ್ಕರೆ ಕಟ್ಟುವುದಿಲ್ಲವೆ? ಹಾಗೆಯೇ ಈ ಹರಳುಗಳೂ ಕಾಲಕಳೆದಂತೆ ದಪ್ಪವಾಗಿ, ಗಟ್ಟಿಯಾಗಿ ಫಲಕದ ರಂಧ್ರಗಳನ್ನು ಮುಚ್ಚಿಕೊಂಡು ಕೂರುತ್ತವೆ. ಆಮೇಲೆ ಚಾರ್ಜರ್ ಎಷ್ಟು ಹೊತ್ತು ಹಾಕಿದರೂ ಅವು ಪೂರ್ತಿ ಕರಗುವುದಿಲ್ಲ. 'ಬ್ಯಾಟರಿ ಚಾರ್ಜ್ ಹಿಡಿಯುತ್ತಿಲ್ಲ' ಎಂದು ಗ್ಯಾರೇಜಿನವರು ಹೇಳುವುದರ ಅರ್ಥ ಬಹುಪಾಲು ಇದೇ. ದುಡಿದು ಸತ್ತ ಬ್ಯಾಟರಿಗಳ ಜೊತೆಗೆ, ಖಾಲಿ ಹೊಟ್ಟೆಯಲ್ಲಿ ಸುಮ್ಮನೆ ಕೂತು ಸತ್ತ ಬ್ಯಾಟರಿಗಳೂ ಗುಜರಿ ಅಂಗಡಿಗಳಲ್ಲಿ ಬೇಕಾದಷ್ಟಿವೆ.

ಈ ತೊಂದರೆಯನ್ನು ವರ್ಷವರ್ಷವೂ ಎದುರಿಸುವವರು ಅಮೆರಿಕ, ಕೆನಡಾದ ಟ್ರಾವೆಲ್ ಟ್ರೇಲರ್ ಮಾಲೀಕರು. ಟ್ರಾವೆಲ್ ಟ್ರೇಲರ್ ಎಂದರೆ ಗಾಲಿಯ ಮೇಲಿನ ಪುಟ್ಟ ಮನೆ. ಒಲೆ, ಹಾಸಿಗೆ, ಬಚ್ಚಲು ಎಲ್ಲ ಇರುತ್ತದೆ. ಎಂಜಿನ್ ಮಾತ್ರ ಇರುವುದಿಲ್ಲ. ದೊಡ್ಡ ಕಾರಿಗೋ ಪಿಕಪ್ ಲಾರಿಗೋ ಕಟ್ಟಿ ಎಳೆದುಕೊಂಡು ಬೇಸಿಗೆಯಲ್ಲಿ ಊರೂರು ಸುತ್ತುತ್ತಾರೆ. ಉತ್ತರದ ರಾಜ್ಯಗಳಲ್ಲಿ ಅಕ್ಟೋಬರ್ ಮುಗಿಯುತ್ತಲೇ ಅದಕ್ಕೆ ಟಾರ್ಪಾಲು ಹೊದಿಸಿ ಹಿತ್ತಲಲ್ಲಿ ನಿಲ್ಲಿಸಿದರೆ ಮತ್ತೆ ಹೊರತೆಗೆಯುವುದು ಏಪ್ರಿಲಿನಲ್ಲಿ. ಮಕ್ಕಳ ಮನೆಗೆಂದು ಹೋಗಿಬಂದ ನಮ್ಮ ಓದುಗರಲ್ಲಿ ಕೆಲವರು ಅಕ್ಕಪಕ್ಕದ ಮನೆಗಳಲ್ಲಿ ಇದನ್ನು ನೋಡಿರಬಹುದು.

ದೀಪ, ಫ್ರಿಜ್ಜು, ಪಂಪು ಎಲ್ಲ ಆರಿಸಿಯೇ ನಿಲ್ಲಿಸುತ್ತಾರೆ. ಆದರೆ ಅಡುಗೆ ಅನಿಲ ಸೋರಿದರೆ ಕೂಗಿಕೊಳ್ಳುವ ಒಂದು ಪುಟ್ಟ ಪೆಟ್ಟಿಗೆ ಗೋಡೆಯ ಬುಡದಲ್ಲಿರುತ್ತದೆ. ಜೀವ ಉಳಿಸುವ ಸಾಧನವಾದ್ದರಿಂದ ಅನೇಕ ಟ್ರೇಲರುಗಳಲ್ಲಿ ಅದಕ್ಕೆ ಸ್ವಿಚ್ಚೇ ಇರುವುದಿಲ್ಲ. ತಂತಿ ನೇರವಾಗಿ ಬ್ಯಾಟರಿಗೆ. ಅದೂ ರೇಡಿಯೋದ ನೆನಪೂ ಸೇರಿ ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಎಳೆಯುತ್ತವೆ ಎನ್ನೋಣ. ದಿನಕ್ಕೆ 2.4 ಆಂಪಿಯರ್-ಗಂಟೆ. 100 ಆಂಪಿಯರ್-ಗಂಟೆಯ ದೊಡ್ಡ ಬ್ಯಾಟರಿಯಾದರೂ ನಲವತ್ತೊಂದೆರಡು ದಿನಕ್ಕೆ ಮುಗಿಯಿತು. ಅಕ್ಟೋಬರ್ ಕೊನೆಗೆ ನಿಲ್ಲಿಸಿದ್ದರೆ ಡಿಸೆಂಬರ್ ಎರಡನೇ ವಾರಕ್ಕೆ ಬ್ಯಾಟರಿ ಬರಿದು. ಸರಿಯಾಗಿ ಆ ಹೊತ್ತಿಗೇ ಅಲ್ಲಿ ಚಳಿ ಬಿಗಿಯುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ತುಂಬಿದ ಬ್ಯಾಟರಿಯ ಗಟ್ಟಿ ಆಮ್ಲ ಹೆಪ್ಪುಗಟ್ಟಬೇಕಾದರೆ ಉಷ್ಣತೆ ಮೈನಸ್ 50 ಡಿಗ್ರಿಗಿಂತಲೂ ಕೆಳಗಿಳಿಯಬೇಕು. ಖಾಲಿಯಾದ ಬ್ಯಾಟರಿಯಲ್ಲಿರುವುದೋ ಬಹುಪಾಲು ನೀರು; ಮೈನಸ್ ಏಳೆಂಟು ಡಿಗ್ರಿಗೇ ಅದು ಹೆಪ್ಪುಗಟ್ಟಬಹುದು. ಮಿನೆಸೋಟದಲ್ಲಿ ಜನವರಿಯ ರಾತ್ರಿಗಳು ಮೈನಸ್ 20ಕ್ಕೆ ಇಳಿಯುವುದು ಹೊಸದೇನಲ್ಲ. ನೀರು ಮಂಜುಗಡ್ಡೆಯಾದರೆ ಹಿಗ್ಗುತ್ತದೆ ಎಂಬುದು ನಿಮಗೆ ಗೊತ್ತು. ಫಲಕಗಳು ಬಾಗುತ್ತವೆ, ಪೆಟ್ಟಿಗೆ ಸೀಳುತ್ತದೆ, ವಸಂತದಲ್ಲಿ ಕರಗಿದಾಗ ಆಮ್ಲ ಹೊರಗೆ ಹರಿಯುತ್ತದೆ. ಆದರೆ ಅದೇ ಚಳಿ ತುಂಬಿದ ಬ್ಯಾಟರಿಗೆ ಮಿತ್ರ! ಒಳಗಿನ ಸ್ಥಳೀಯ ಕ್ರಿಯೆ ಚಳಿಯಲ್ಲಿ ಬಹಳ ನಿಧಾನವಾಗುವುದರಿಂದ, ಪೂರ್ತಿ ಚಾರ್ಜ್ ಮಾಡಿ ತಂತಿ ಕಳಚಿಟ್ಟರೆ ಅದು ಚಳಿಗಾಲವಿಡೀ ನೆಮ್ಮದಿಯಾಗಿ ನಿದ್ದೆ ಮಾಡುತ್ತದೆ. ಅಲ್ಲಿನ ತಿಳಿದವರು ಮಾಡುವುದೂ ಅದನ್ನೇ. ಇನ್ನು ಕೆಲವರು ಬ್ಯಾಟರಿಯನ್ನು ಬಿಚ್ಚಿ ಗ್ಯಾರೇಜಿನೊಳಗಿಟ್ಟು, ಸುಮಾರು 13.5 ವೋಲ್ಟಿನಲ್ಲಿ ತೊಟ್ಟುತೊಟ್ಟಾಗಿ ಉಣಿಸುವ ಪುಟ್ಟ ಚಾರ್ಜರ್ ಹಾಕಿಡುತ್ತಾರೆ. ಸಾಧಾರಣ ಚಾರ್ಜರನ್ನು ಹೀಗೆ ತಿಂಗಳುಗಟ್ಟಲೆ ಬಿಡಬಾರದು; ನೀರೆಲ್ಲ ಕುದ್ದಂತೆ ಗುಳ್ಳೆಯಾಗಿ ಹೋಗಿ ಫಲಕಗಳು ಒಣಗುತ್ತವೆ.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಆದರೆ ಗಾಡಿ ನಿಲ್ಲಿಸಿ ಬಿಡುವ ಪ್ರಸಂಗಗಳಿಗೆ ಕೊರತೆ ಇಲ್ಲ. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ದೇಶದ ಕಾರು ಸ್ಕೂಟರುಗಳೆಲ್ಲ ಏಕಕಾಲಕ್ಕೆ ನಿಂತವು. 'ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಡಿ' ಎಂಬ ಸಲಹೆ ಆಗ ಎಲ್ಲರ ಬಾಯಲ್ಲೂ ಇತ್ತು, ಈಗಲೂ ಇದೆ. ಇದನ್ನೂ ಲೆಕ್ಕಕ್ಕೆ ಹಿಡಿಯೋಣ. ಸೆಲ್ಫ್ ಹೊಡೆಯಲು 150 ಆಂಪಿಯರ್ ಪ್ರವಾಹ ಎರಡು ಸೆಕೆಂಡು ಬೇಕು ಎನ್ನಿ. 300 ಕೂಲಂ. 3600ರಿಂದ ಭಾಗಿಸಿದರೆ 0.08 ಆಂಪಿಯರ್-ಗಂಟೆ. ಅಬ್ಬರವೇ ಹೊರತು ಖರ್ಚು ಬಹಳ ಕಡಿಮೆ! ಖರ್ಚಿರುವುದು ಆ ಸದ್ದಿಲ್ಲದ ಸೋರಿಕೆಯಲ್ಲಿ: ವಾರಕ್ಕೆ 5 ಆಂಪಿಯರ್-ಗಂಟೆ. ನಿಂತಲ್ಲೇ ಓಡುವ ಎಂಜಿನ್ ಬ್ಯಾಟರಿಗೆ 10 ಆಂಪಿಯರ್ ಕೊಟ್ಟಿತು ಎಂದುಕೊಂಡರೂ ಹತ್ತು ನಿಮಿಷಕ್ಕೆ ಮರಳುವುದು 1.7 ಮಾತ್ರ. ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ಮೇಲೆ ಪೆಟ್ರೋಲು ದಂಡ. ಅರ್ಧ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿ ಬಂದರೆ ಬೇರೆ ಮಾತು. ಆಗದಿದ್ದರೆ ತಂತಿ ಕಳಚಿಡುವುದೇ ಮೇಲು.

ಇನ್ನೊಂದು ನಂಬಿಕೆ: ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲಿಟ್ಟರೆ ನೆಲ ಕರೆಂಟು ಹೀರುತ್ತದೆ ಎಂಬುದು. ಇದಕ್ಕಾಗಿಯೇ ಇನ್ವರ್ಟರಿನ ಕೆಳಗೆ ಹಲಗೆ ಇಡುವವರಿದ್ದಾರೆ. ಬ್ಯಾಟರಿಯ ಪೆಟ್ಟಿಗೆಯನ್ನು ಮರದಿಂದಲೂ ಆಮೇಲೆ ಗಡಸು ರಬ್ಬರಿನಿಂದಲೂ ಮಾಡುತ್ತಿದ್ದ ಕಾಲದಲ್ಲಿ, ತೇವ ಮತ್ತು ಆಮ್ಲ ಪೆಟ್ಟಿಗೆಯಲ್ಲಿ ಇಳಿದು ಸ್ವಲ್ಪ ಸೋರಿಕೆಯಾಗುತ್ತಿದ್ದುದುಂಟು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಆ ಭಯವಿಲ್ಲ. ಹಲಗೆ ಇರಲಿ, ಆಮ್ಲ ಚೆಲ್ಲಿದರೆ ನೆಲವಾದರೂ ಉಳಿಯುತ್ತದೆ.

ಸತ್ತ ಬ್ಯಾಟರಿಯನ್ನು ಬದುಕಿಸುತ್ತೇವೆಂದು ಪುಡಿ, ದ್ರವ ಮಾರುವವರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ 'ಎಡಿ-ಎಕ್ಸ್-2' ಎಂಬ ಪುಡಿ ಮಾರಾಟಕ್ಕೆ ಬಂತು. ಅದರಲ್ಲಿದ್ದದ್ದು ಮುಖ್ಯವಾಗಿ ಸೋಡಿಯಂ ಸಲ್ಫೇಟ್ ಮತ್ತು ಮೆಗ್ನೀಷಿಯಂ ಸಲ್ಫೇಟ್. ಎರಡನೆಯದು ನಿಮ್ಮ ಪ್ರಯೋಗಶಾಲೆಯ ಎಪ್ಸಂ ಲವಣವೇ. ಇದನ್ನು ಬ್ಯಾಟರಿಗೆ ಹಾಕಿದರೆ ಗಟ್ಟಿಯಾದ ಸಲ್ಫೇಟು ಕರಗಿ ಆಯುಸ್ಸು ಹೆಚ್ಚುತ್ತದೆ ಎಂದು ತಯಾರಕರ ವಾದ. ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್ ಎಂಬ ಸರ್ಕಾರಿ ಸಂಸ್ಥೆ ಪರೀಕ್ಷೆ ಮಾಡಿ, ಪುಡಿ ಹಾಕಿದ ಬ್ಯಾಟರಿಗೂ ಹಾಕದ ಬ್ಯಾಟರಿಗೂ ಗಣನೀಯ ವ್ಯತ್ಯಾಸವಿಲ್ಲ ಎಂದು ಹೇಳಿತು. ಕೊಂಡು ಬಳಸಿದವರು ಮಾತ್ರ 'ನಮಗೆ ಗುಣ ಕಂಡಿದೆ' ಎಂದು ಪತ್ರ ಬರೆಯುತ್ತಲೇ ಇದ್ದರು. ವಿಷಯ ರಾಜಕೀಯಕ್ಕೆ ತಿರುಗಿತು. 1953ರ ಮಾರ್ಚಿಯಲ್ಲಿ ವಾಣಿಜ್ಯ ಖಾತೆಯ ಕಾರ್ಯದರ್ಶಿ ಸಿಂಕ್ಲೇರ್ ವೀಕ್ಸ್ (ಅಲ್ಲಿ ಸಚಿವರಿಗೆ ಆ ಹೆಸರು), ಸಂಸ್ಥೆಯ ನಿರ್ದೇಶಕ ಅಲೆನ್ ಆಸ್ಟಿನ್ ಅವರಿಂದ ರಾಜೀನಾಮೆ ಪಡೆದುಬಿಟ್ಟರು. ಸಂಸ್ಥೆ ಮಾರುಕಟ್ಟೆಯ ಅನುಭವಕ್ಕೆ ಬೆಲೆ ಕೊಡಲಿಲ್ಲ ಎಂಬುದು ಅವರ ದೂರು. ದೇಶದ ವಿಜ್ಞಾನಿಗಳು ಸಿಡಿದೆದ್ದರು. ಗಲಾಟೆ ಎಷ್ಟಾಯಿತೆಂದರೆ ಆಸ್ಟಿನ್ ಅವರನ್ನು ಅದೇ ವರ್ಷ ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಬೇಕಾಯಿತು. ಬಳಿಕ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ ಸಂಸ್ಥೆಯ ಪರೀಕ್ಷೆಗಳನ್ನು ಪರಿಶೀಲಿಸಿ ಅವು ಸರಿಯಾಗಿಯೇ ಇದ್ದವು, ಪುಡಿಯಲ್ಲಿ ಹುರುಳಿಲ್ಲ ಎಂದಿತು.

ಹಾಗಾದರೆ ಬಳಸಿದವರಿಗೆ ಗುಣ ಕಂಡದ್ದು ಸುಳ್ಳೆ? ಸುಳ್ಳಾಗಿರಬೇಕಿಲ್ಲ. ಇಂಥ ಪುಡಿ ಹಾಕಲು ಹೊರಟವನು ಅದೇ ದಿನ ಮುಚ್ಚಳ ತೆಗೆದು ನೀರು ತುಂಬುತ್ತಾನೆ, ಟರ್ಮಿನಲ್ ಉಜ್ಜುತ್ತಾನೆ, ರಾತ್ರಿಯಿಡೀ ನಿಧಾನವಾಗಿ ಚಾರ್ಜ್ ಮಾಡುತ್ತಾನೆ. ಬ್ಯಾಟರಿ ಚೇತರಿಸಿಕೊಂಡರೆ ಕೀರ್ತಿ ಪುಡಿಗೆ! ಪಕ್ಕದಲ್ಲಿ ಅದೇ ವಯಸ್ಸಿನ ಇನ್ನೊಂದು ಬ್ಯಾಟರಿಗೆ ಪುಡಿಯೊಂದನ್ನು ಬಿಟ್ಟು ಉಳಿದ ಉಪಚಾರವನ್ನೆಲ್ಲ ಮಾಡಿ ನೋಡಿದ್ದರೆ ಮಾತ್ರ ಗೊತ್ತಾಗುತ್ತಿತ್ತು. ಸಂಸ್ಥೆ ಮಾಡಿದ್ದು ಆ ಹೋಲಿಕೆಯನ್ನು.

ಈಗ ಮನೆಯಲ್ಲಿ ಮಾಡಬೇಕಾದ್ದು. ಇದು ದೊಡ್ಡವರ ಕೆಲಸ, ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ. ಮೂರು ವಾರಕ್ಕಿಂತ ಹೆಚ್ಚು ಕಾಲ ಕಾರು ನಿಲ್ಲಿಸುವುದಾದರೆ ಹೊರಡುವ ಮುನ್ನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಮೊದಲು ಋಣ ಧ್ರುವದ, ಅಂದರೆ ಮೈನಸ್ ಗುರುತಿನ ತಂತಿ ಬಿಚ್ಚಿ. ಏಕೆ ಮೈನಸ್? ಅದು ಗಾಡಿಯ ಕಬ್ಬಿಣದ ಮೈಗೆ ಜೋಡಿಸಿರುವ ತಂತಿ. ಅದನ್ನು ಬಿಚ್ಚುವಾಗ ಸ್ಪ್ಯಾನರ್ ಜಾರಿ ಬಾಡಿಗೆ ತಾಗಿದರೆ ಏನೂ ಆಗದು. ಪ್ಲಸ್ ಬಿಚ್ಚುವಾಗ ತಾಗಿದರೆ ನೂರಾರು ಆಂಪಿಯರ್ ಸ್ಪ್ಯಾನರಿನ ಮೂಲಕ ಹರಿದು ಅದು ಕೆಂಪಗೆ ಕಾದೀತು. ಎರಡನ್ನೂ ಬಿಚ್ಚಿದ್ದರೆ ಮತ್ತೆ ಜೋಡಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ತಂತಿ ಬಿಚ್ಚಿದ ಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ, ಕೀಲಿಯನ್ನು ಒಳಗೆ ಬಿಟ್ಟು ಬಾಗಿಲು ಹಾಕಬೇಡಿ. ಈಚಿನ ಕೆಲವು ಕಾರುಗಳಲ್ಲಿ ಹೀಗೆ ಬಿಚ್ಚುವ ಮುನ್ನ ಕಂಪೆನಿಯ ಕೈಪಿಡಿ ನೋಡುವುದು ಒಳ್ಳೆಯದು. ಚಾರ್ಜಿನ ಕೊನೆಯ ಹಂತದಲ್ಲಿ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕರಷ್ಟಿದ್ದರೂ ಕಿಡಿ ತಗುಲಿದರೆ ಸಿಡಿಯುತ್ತದೆ. ಕಿಟಕಿ ತೆಗೆದಿರಲಿ, ಹತ್ತಿರ ದೇವರ ದೀಪವಾಗಲಿ ಬೀಡಿಯಾಗಲಿ ಬೇಡ.

ಇನ್ವರ್ಟರ್ ವಿಷಯದಲ್ಲಿ ಒಂದು ಮೋಸ ಬಹಳ ಮನೆಗಳಲ್ಲಿ ನಡೆಯುತ್ತದೆ. ಊರಿಗೆ ಹೊರಡುವಾಗ ಜಾಗ್ರತೆಗೆಂದು ಮೇನ್ ಸ್ವಿಚ್ ಆರಿಸುತ್ತೇವೆ. ಇನ್ವರ್ಟರಿಗೆ ಅದು ಕರೆಂಟು ಹೋದ ಹಾಗೆಯೇ. ದೇವರ ಮನೆಯ ಪುಟ್ಟ ಬಲ್ಬು, ಇಂಟರ್‌ನೆಟ್ ಪೆಟ್ಟಿಗೆ ಏನೇ ಅದರ ಮೇಲಿದ್ದರೂ ಬ್ಯಾಟರಿ ಮುಗಿಯುವವರೆಗೆ ನಿಷ್ಠೆಯಿಂದ ನಡೆಸಿ, ಆಮೇಲೆ ತಿಂಗಳುಗಟ್ಟಲೆ ಖಾಲಿ ಕೂರುತ್ತದೆ. ಮಕ್ಕಳ ಬಳಿ ಆರು ತಿಂಗಳು ಇದ್ದು ಬರಲು ಅಮೆರಿಕಕ್ಕೆ ಹೋದ ತಂದೆ-ತಾಯಿ ಹಿಂದಿರುಗಿ ಹತ್ತು ಸಾವಿರಕ್ಕೂ ಮೀರಿ ಕೊಟ್ಟು ಹೊಸ ಬ್ಯಾಟರಿ ಹಾಕಿಸುವುದು ಹೀಗೆ. ಪೂರ್ತಿ ಚಾರ್ಜ್ ಮಾಡಿ, ಡಿಸ್ಟಿಲ್ಡ್ ವಾಟರ್ ಮಟ್ಟ ಸರಿಮಾಡಿ, ಇನ್ವರ್ಟರ್ ಆರಿಸಿ ಬ್ಯಾಟರಿ ತಂತಿ ಕಳಚಿಸಿ ಹೋಗಿ. ಎರಡು ತಿಂಗಳಿಗೊಮ್ಮೆ ತಿಳಿದ ಎಲೆಕ್ಟ್ರಿಷಿಯನ್ ಬಂದು ಜೋಡಿಸಿ ಒಂದು ದಿನ ಚಾರ್ಜ್ ಮಾಡುವಂತಿದ್ದರೆ ಇನ್ನೂ ಒಳ್ಳೆಯದು. ತುಂಬುವುದು ನೀರು ಮಾತ್ರ, ಆಮ್ಲವನ್ನಲ್ಲ. ಆವಿಯಾಗಿ ಹೋಗಿರುವುದೂ ನೀರೇ ತಾನೆ?

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಮಲ್ಟಿಮೀಟರನ್ನು ವೋಲ್ಟೇಜಿಗೆ ಇಟ್ಟು, ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯನ್ನು ಪ್ರತಿ ಭಾನುವಾರ ಬೆಳಿಗ್ಗೆ ಹಿರಿಯರ ಎದುರು ಅಳೆದು ಗ್ರಾಫ್ ಹಾಕಿ. 12.6 ಇದ್ದರೆ ತುಂಬಿದೆ, 12.2ಕ್ಕೆ ಅರ್ಧ, 12ಕ್ಕಿಂತ ಕೆಳಗಿಳಿದರೆ ಕೂಡಲೇ ಚಾರ್ಜ್ ಆಗಬೇಕು. ಈಗತಾನೆ ಓಡಿ ಬಂದ ಕಾರನ್ನು ಅಳೆಯಬೇಡಿ, ಅಂಕಿ ಸುಳ್ಳು ಹೇಳುತ್ತದೆ. ಆಂಪಿಯರ್ ಅಳೆಯುವ ಗುಂಡಿಗೆ ಮೀಟರ್ ತಿರುಗಿಸಿ ಬ್ಯಾಟರಿಯ ಎರಡು ತುದಿಗೆ ನೇರ ಹಿಡಿಯುವ ಸಾಹಸ ಮಾತ್ರ ಬೇಡ. ಪ್ರತಿ ವರ್ಷ ಪ್ರಯೋಗಶಾಲೆಯಲ್ಲಿ ಒಬ್ಬನಾದರೂ ಅದನ್ನು ಮಾಡಿ ಫ್ಯೂಸ್ ಸುಡುತ್ತಾನೆ. ಕಾರಿನ ಬ್ಯಾಟರಿಯಾದರೆ ಕೈಯೇ ಸುಟ್ಟೀತು.

ಇಷ್ಟು ಹೊತ್ತು ಹೇಳಿದ್ದೆಲ್ಲ ಸೀಸದ ಬ್ಯಾಟರಿಗೆ. ಮೊಬೈಲು, ಲ್ಯಾಪ್‌ಟಾಪುಗಳ ಲಿಥಿಯಂ ಬ್ಯಾಟರಿಯ ಸ್ವಭಾವ ಬೇರೆ. ಅದನ್ನು ಪೂರ್ತಿ ತುಂಬಿಸಿ ಬಿಸಿಯ ಜಾಗದಲ್ಲಿಟ್ಟರೆ ಬೇಗ ಮುದಿಯಾಗುತ್ತದೆ, ಪೂರ್ತಿ ಖಾಲಿ ಬಿಟ್ಟರೆ ಕೆಡುತ್ತದೆ. ಹೆಚ್ಚುಕಡಿಮೆ ಅರ್ಧ ಚಾರ್ಜ್ ಮಾಡಿ, ಆರಿಸಿ, ತಂಪಾದ ಕಡೆ ಇಡಬೇಕು. ಅಟ್ಟದ ಮೇಲಿಟ್ಟ ಹಳೆಯ ಫೋನಿನ ಹೊಟ್ಟೆ ಉಬ್ಬಿದ್ದರೆ ಅದಕ್ಕೆ ಚಾರ್ಜರ್ ಚುಚ್ಚಲು ಹೋಗಬೇಡಿ, ಒತ್ತಲೂ ಬೇಡಿ. ಹಾಗೆಯೇ ಒಯ್ದು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.